ದೆವ್ವಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ

ಗಟ್ಟಿ ರಟ್ಟಿನ ಕಾಮಿಕ್ಸ್ ಕೂಡಿಡುವ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಹಲವರ ಮನೆಗೆ ನಾನು ಬಂದಿದ್ದೇನೆ, ನಿಮ್ಮ ಕಪಾಟಿನ ಮುಂದೆ ಕತ್ತು ಓರೆ ಮಾಡಿಕೊಂಡು ನಿಂತಿದ್ದೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿದ್ದೀರಿ. ಕೆಲಸದ ಮೇಲೆ ಹೊರದೇಶದಲ್ಲಿದ್ದು, ರಜೆಗೆ ಊರಿಗೆ ಬರುವಾಗ ಬಟ್ಟೆಬರೆ ಕಡಿಮೆ ಮಾಡಿ ಪೆಟ್ಟಿಗೆ ತುಂಬ ಪುಸ್ತಕ ಹೊತ್ತು ತರುವವರೂ ಇದ್ದೀರಿ. ಮಾರ್ವೆಲ್‌ನ ‘ಟೂಮ್ ಆಫ್ ಡ್ರಾಕುಲಾ’ದ ಹಲವು ಸಂಚಿಕೆ ಕೂಡಿಸಿದ ಓಮ್ನಿಬಸ್‌ಗಳು, ಡಿಸಿಯ ‘ಹೌಸ್ ಆಫ್ ಮಿಸ್ಟರಿ’, ಡಾರ್ಕ್ ಹಾರ್ಸ್ ತಂದ ‘ಕ್ರೀಪಿ’ ಮತ್ತು ‘ಈರಿ’ ಸಂಪುಟಗಳು, ಇಸಿ ಕಾಮಿಕ್ಸಿನ ಆರ್ಕೈವ್ಸ್ ನಿಮ್ಮಲ್ಲಿವೆ. ಹಳೆಯ ಭೂತಪ್ರೇತದ ಕಾಮಿಕ್ಸ್ ಮೇಲೆ ನಿಮಗಿರುವ ಮೋಹ ನನಗೂ ಇದೆ. ಆ ಸಲಿಗೆಯಿಂದಲೇ ಕೇಳುತ್ತಿದ್ದೇನೆ. ಆ ಪುಸ್ತಕಗಳಲ್ಲಿ ಎಷ್ಟೋ ಇನ್ನೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇವೆಯಲ್ಲ, ದಯವಿಟ್ಟು ಅವನ್ನು ಬಿಚ್ಚಿ ಓದಿ.

ಬಿಚ್ಚದಿರುವುದಕ್ಕೆ ನೀವು ಕೊಡುವ ಕಾರಣಗಳು ನನಗೆ ಗೊತ್ತು. ನೂರು ಡಾಲರ್ ಮೀರಿದ ಪುಸ್ತಕ, ನಮ್ಮ ದುಡ್ಡಿನಲ್ಲಿ ಅದು ಸಣ್ಣ ಮೊತ್ತವಲ್ಲ. ಇಂಥವನ್ನು ಪ್ರಕಾಶಕರು ಒಂದು ಲೆಕ್ಕದಷ್ಟೇ ಅಚ್ಚು ಹಾಕುತ್ತಾರೆ. ಆ ಪ್ರತಿಗಳು ಮುಗಿದ ಮೇಲೆ ಕೈಬದಲು ಮಾರುವವರು ಹೇಳಿದ್ದೇ ಬೆಲೆ. ಹೊದಿಕೆ ಹರಿಯದ ಪ್ರತಿಗೆ ಇನ್ನೂ ಹೆಚ್ಚು. ಇದೆಲ್ಲ ನಿಜವೇ. ಆದರೆ ಅದೇ ಪ್ರಕಾಶಕರು ನಾಲ್ಕಾರು ವರ್ಷ ಬಿಟ್ಟು ಮರುಮುದ್ರಣ ಮಾಡಿದರೆ ಆ ಬೆಲೆ ಒಂದೇ ವಾರದಲ್ಲಿ ಕೆಳಗಿಳಿಯುತ್ತದೆ. ಅದೂ ನಾವೆಲ್ಲ ಕಣ್ಣಾರೆ ಕಂಡದ್ದೇ. ಇನ್ನೊಂದು ವಿಷಯ: ಇಷ್ಟು ದಪ್ಪದ ಪುಸ್ತಕಗಳಲ್ಲಿ ಹಾಳೆಗಳ ಕಟ್ಟು (ಫಾರಂ) ತಲೆಕೆಳಗಾಗಿ ಹೊಲಿದಿರುವುದು, ಪುಟಗಳು ಎರಡೆರಡು ಸಲ ಬಂದಿರುವುದು, ರಟ್ಟಿಗೂ ಪುಟಗಳಿಗೂ ನಡುವೆ ಅಂಟು ಬಿಟ್ಟಿರುವುದು ಇದ್ದೇ ಇರುತ್ತದೆ. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಬಿಚ್ಚಿ ನೋಡದಿದ್ದರೆ ನೀವು ಜೋಪಾನ ಮಾಡುತ್ತಿರುವುದು ಏನನ್ನು ಎಂದು ನಿಮಗೇ ತಿಳಿದಿರುವುದಿಲ್ಲ.

ದುಡ್ಡಿನ ಮಾತು ಇಷ್ಟು ಸಾಕು. ಆ ಹೊದಿಕೆಯೊಳಗೆ ಏನಿದೆ ಎಂಬುದನ್ನು ಹೇಳುವುದಕ್ಕೆ ನನಗೆ ಹೆಚ್ಚು ಆಸೆ.

ಇಸಿಯ ಕಥೆಗಳು ಹುಟ್ಟಿದಾಗ ಅವುಗಳ ಬೆಲೆ ಹತ್ತು ಸೆಂಟ್. 1947ರಲ್ಲಿ ದೋಣಿ ಅಪಘಾತದಲ್ಲಿ ತಂದೆ ತೀರಿಕೊಂಡ ಮೇಲೆ ಮಗ ವಿಲಿಯಂ ಗೇನ್ಸ್ ಕೈಗೆ ಬಂದದ್ದು ಇಸಿ ಕಾಮಿಕ್ಸ್ ಎಂಬ ಸಣ್ಣ ಪ್ರಕಾಶನ ಸಂಸ್ಥೆ. 1950ರಲ್ಲಿ ಗೇನ್ಸ್ ಮತ್ತು ಸಂಪಾದಕ ಆಲ್ ಫೆಲ್ಡ್‌ಸ್ಟೀನ್ ಸೇರಿ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ವಾಲ್ಟ್ ಆಫ್ ಹಾರರ್’, ‘ಹಾಂಟ್ ಆಫ್ ಫಿಯರ್’ ಎಂಬ ಮೂರು ಭಯಾನಕ ಪತ್ರಿಕೆಗಳಿಗೆ ಕೈಹಾಕಿದರು. ಕಥೆ ಕಟ್ಟುವ ಕ್ರಮವೇ ವಿಚಿತ್ರವಾಗಿತ್ತು. ಫೆಲ್ಡ್‌ಸ್ಟೀನ್ ಮಾತುಗಳನ್ನು ನೇರವಾಗಿ ಚಿತ್ರದ ಹಾಳೆಯ ಮೇಲೇ ಬರೆಯುತ್ತಿದ್ದರು. ಲೆರಾಯ್ ಎಂಬ ಅಕ್ಷರ ಅಚ್ಚಿನ ಸಾಧನದಿಂದ ಅವನ್ನು ತಿದ್ದಿ ಮೂಡಿಸಿ, ಚೌಕಗಳನ್ನು ಗೆರೆ ಹಾಕಿ, ಆಮೇಲೆ ಹಾಳೆಯನ್ನು ಕಲಾವಿದರ ಕೈಗೆ ಕೊಡುತ್ತಿದ್ದರು. ಮಾತು ಬಿಟ್ಟುಕೊಟ್ಟ ಜಾಗದಲ್ಲಿ ಚಿತ್ರ ಕೂರಬೇಕು. ಚಿಕ್ಕ ಗಾತ್ರದ ಅಗ್ಗದ ಪ್ರತಿಯಲ್ಲಿ ಓದಿದರೆ ಆ ಮಾತಿನ ಹೊರೆ ಉಸಿರು ಕಟ್ಟಿಸುತ್ತದೆ. ದೊಡ್ಡ ಪುಟದಲ್ಲಿ ನೋಡಿದಾಗ ಮಾತ್ರ ಅದರಡಿಯಲ್ಲಿ ಜ್ಯಾಕ್ ಡೇವಿಸ್, ಜಾನಿ ಕ್ರೇಗ್, ಗ್ರಹಾಂ ಇಂಗಲ್ಸ್ ಮೊದಲಾದವರು ಉಳಿದ ಗೇಣಗಲ ಜಾಗದಲ್ಲಿ ಏನೇನು ಮಾಡಿದ್ದಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ದೊಡ್ಡ ಗಾತ್ರ ಬೇಕಾದದ್ದು ಇದಕ್ಕಾಗಿ.

ಇಂಗಲ್ಸ್ ಅವರ ಒಂದು ಕಥೆಯನ್ನೇ ತೆಗೆದುಕೊಳ್ಳಿ. ‘ಹಾಂಟ್ ಆಫ್ ಫಿಯರ್’ 12ನೇ ಸಂಚಿಕೆಯಲ್ಲಿ, 1952ರಲ್ಲಿ ಬಂದ ‘ಪೊಯೆಟಿಕ್ ಜಸ್ಟಿಸ್’. ಕಸ ಎತ್ತುವ ಒಬ್ಬ ಬಡ ಮುದುಕ. ಯಾರಿಗೂ ಕೇಡು ಬಯಸದವನು, ಬೀದಿಯ ಮಕ್ಕಳಿಗೆ ಅಚ್ಚುಮೆಚ್ಚಿನವನು. ಅವನ ಗುಡಿಸಲು ತಮ್ಮ ಬೀದಿಗೆ ಅವಮಾನ ಎಂದುಕೊಂಡ ಸಿರಿವಂತರು ಒಂದೊಂದಾಗಿ ಅವನ ಸುಖಗಳನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಕೊನೆಗೆ ಪ್ರೇಮಿಗಳ ದಿನದಂದು ಕ್ರೂರ ಕಾರ್ಡುಗಳ ಕಟ್ಟೊಂದನ್ನು ಅವನ ಮನೆಗೆ ಕಳಿಸುತ್ತಾರೆ. ಮುದುಕ ನೇಣು ಹಾಕಿಕೊಳ್ಳುತ್ತಾನೆ. ಸರಿಯಾಗಿ ಒಂದು ವರ್ಷಕ್ಕೆ ಮಣ್ಣಿನಿಂದ ಎದ್ದು ಬರುತ್ತಾನೆ. ಮುಂದಿನದನ್ನು ನೀವೇ ಓದಿ. ನಾನು ಹೇಳಬೇಕೆಂದಿರುವುದು ಆ ಮುದುಕನ ಮುಖದ ಬಗ್ಗೆ. ಕಾರ್ಡುಗಳನ್ನು ತೆರೆಯುವ ಹೊತ್ತಿನ ಆ ಮುಖದಲ್ಲಿ ಇಂಗಲ್ಸ್ ಎಳೆದ ಸಣ್ಣ ಸಣ್ಣ ಗೆರೆಗಳನ್ನು ಬೆರಳಿಟ್ಟು ಎಣಿಸುವಷ್ಟು ಹತ್ತಿರದಿಂದ ನೋಡಿ. ‘ಘ್ಯಾಸ್ಟ್ಲಿ’ ಎಂದು ಸಹಿ ಹಾಕುತ್ತಿದ್ದ ಕಲಾವಿದರು ಅವರು. ಜೊಲ್ಲು ಸುರಿಸುವ ಬಾಯಿ, ತಿರುಚಿದ ಕೈಕಾಲು ಬರೆಯುವುದರಲ್ಲಿ ಹೆಸರಾದವರು. ಆದರೆ ಈ ಕಥೆಯ ನಿಜವಾದ ಹೆದರಿಕೆ ಹೆಣ ಎದ್ದು ಬರುವುದರಲ್ಲಿಲ್ಲ. ಮರ್ಯಾದಸ್ಥರ ನಯವಾದ ನಗುಮುಖಗಳಲ್ಲಿದೆ. 1972ರಲ್ಲಿ ಇಂಗ್ಲೆಂಡಿನ ಅಮಿಕಸ್ ಸಂಸ್ಥೆ ಈ ಕಥೆಯನ್ನೂ ಸೇರಿಸಿ ಸಿನಿಮಾ ಮಾಡಿದಾಗ ಆ ಮುದುಕನ ಪಾತ್ರವನ್ನು ಪೀಟರ್ ಕುಶಿಂಗ್ ಮಾಡಿದರು. ಅವರ ಅಭಿನಯ ಚೆನ್ನಾಗಿದೆ. ನನಗೆ ಮಾತ್ರ ಇಂಗಲ್ಸ್ ಬರೆದ ಮುಖವೇ ಮೇಲು.

ಈ ಇಂಗಲ್ಸ್ ಮುಂದೆ ಈ ಕ್ಷೇತ್ರವನ್ನೇ ಬಿಟ್ಟು ಫ್ಲೋರಿಡಾಕ್ಕೆ ಹೋಗಿ ಚಿತ್ರಕಲೆ ಹೇಳಿಕೊಡುತ್ತ ಬದುಕಿದರು. ಬಹಳ ಕಾಲ ತಮ್ಮ ಹಳೆಯ ಕೆಲಸದ ಮಾತೆತ್ತುವುದಕ್ಕೇ ಒಪ್ಪುತ್ತಿರಲಿಲ್ಲ. ಆ ಹಿನ್ನೆಲೆ ತಿಳಿಯಬೇಕಾದರೆ 1954ಕ್ಕೆ ಹೋಗಬೇಕು. ಆ ವರ್ಷ ಮನೋವೈದ್ಯ ಫ್ರೆಡ್ರಿಕ್ ವರ್ದಂ ಬರೆದ ‘ಸಿಡಕ್ಷನ್ ಆಫ್ ದಿ ಇನೊಸೆಂಟ್’ ಪುಸ್ತಕ ಬಂತು. ಮಕ್ಕಳು ಕೆಡುತ್ತಿರುವುದಕ್ಕೆ ಕಾಮಿಕ್ಸ್ ಒಂದು ಕಾರಣ ಎಂಬುದು ಅದರ ವಾದ. ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಗೇನ್ಸ್ ಸಾಕ್ಷಿ ಹೇಳಿದರು. ಕಡಿದ ಹೆಣ್ಣುತಲೆಯನ್ನು ಕೂದಲು ಹಿಡಿದು ಎತ್ತಿದ ಒಂದು ಮುಖಪುಟವನ್ನು ತೋರಿಸಿ, ಇದು ಸದಭಿರುಚಿಯೇ ಎಂದು ಸೆನೆಟರ್ ಕೆಫಾವರ್ ಕೇಳಿದರು. ಭಯಾನಕ ಕಾಮಿಕ್ಸಿನ ಮುಖಪುಟವೆಂದು ನೋಡಿದರೆ ಹೌದು ಎಂದರು ಗೇನ್ಸ್. ಆ ಉತ್ತರ ಅವರಿಗೆ ಮುಳುವಾಯಿತು. ಅದೇ ಅಕ್ಟೋಬರಿನಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ತಂದರು. ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಎಂಬ ಪದ ಕೂಡದು. ರಕ್ತಪಿಶಾಚಿ, ತೋಳಮನುಷ್ಯ, ನಡೆದಾಡುವ ಹೆಣ ಯಾವುದೂ ಕೂಡದು. ಮೂರು ಪತ್ರಿಕೆಗಳೂ ನಿಂತುಹೋದವು. ಊರೂರುಗಳಲ್ಲಿ ಮಕ್ಕಳ ಕೈಯಲ್ಲೇ ಕಾಮಿಕ್ಸ್ ಗುಡ್ಡೆ ಹಾಕಿಸಿ ಸುಟ್ಟದ್ದು ಆ ಕಾಲದಲ್ಲೇ.

ಸುಟ್ಟವು ಸುಟ್ಟವು, ರದ್ದಿಗೆ ಹೋದವು ಹೋದವು. ಮೂಲ ಚಿತ್ರಗಳು ಮಾತ್ರ ಉಳಿದವು, ಗೇನ್ಸ್ ಉಳಿಸಿದ್ದರಿಂದ. ಆ ಕಾಲದಲ್ಲಿ ಅಚ್ಚಾದ ಮೇಲೆ ಮೂಲ ಹಾಳೆಗಳನ್ನು ಹರಿದು ಎಸೆಯುವುದು, ಯಾರಿಗೋ ಸುಮ್ಮನೆ ಕೊಟ್ಟುಬಿಡುವುದು ಮಾಮೂಲಾಗಿತ್ತು. ಗೇನ್ಸ್ ಹಾಗೆ ಮಾಡದೆ ಬಹುಪಾಲು ಎಲ್ಲವನ್ನೂ ಕಟ್ಟಿಟ್ಟರು. 1970ರ ದಶಕದ ಕೊನೆಗೆ ರಸ್ ಕೊಕ್ರನ್ ಎಂಬ ಅಭಿಮಾನಿ ಪ್ರಕಾಶಕರು ಆ ಮೂಲಗಳಿಂದಲೇ ತೆಗೆದ ಕಪ್ಪು ಬಿಳುಪು ಪುಟಗಳನ್ನು, ದೊಡ್ಡ ಗಾತ್ರದ ಗಟ್ಟಿ ರಟ್ಟಿನ ಸಂಪುಟಗಳಾಗಿ, ಡಬ್ಬಿಗೆ ಹಾಕಿ ತರತೊಡಗಿದರು. ಇವತ್ತು ನಾವು ಕೊಳ್ಳುತ್ತಿರುವ ಇಂಥ ಪುಸ್ತಕಗಳ ಸಾಲಿಗೆ ಹಿರಿಯಣ್ಣ ಎಂದರೆ ‘ಇಸಿ ಲೈಬ್ರರಿ’ ಎಂಬ ಆ ಸಂಪುಟಗಳೇ. ಗೇನ್ಸ್ ಕಟ್ಟಿಟ್ಟರು ಎಂದೆನಲ್ಲ, ‘ಹಾಗಾದರೆ ನಾವು ಮಾಡುತ್ತಿರುವುದೂ ಅದನ್ನೇ’ ಎಂದು ನಿಮ್ಮಲ್ಲೊಬ್ಬರು ನನ್ನೊಡನೆ ವಾದಿಸಿದ್ದರು. ಒಪ್ಪುವುದಿಲ್ಲ. ಗೇನ್ಸ್ ಕಟ್ಟಿಟ್ಟದ್ದು ಇನ್ನೊಂದು ಪ್ರತಿ ಇಲ್ಲದ ಮೂಲವನ್ನು. ನಮ್ಮ ಕೈಯಲ್ಲಿರುವುದು ಸಾವಿರಾರು ಪ್ರತಿಗಳಲ್ಲಿ ಒಂದು. ಆ ಮೂಲಗಳನ್ನು ಯಾರೂ ನೋಡದೆ ಬಿಟ್ಟಿದ್ದರೆ ಈ ಪ್ರತಿಗಳು ಬರುತ್ತಲೇ ಇರಲಿಲ್ಲ.

ನಿಷೇಧವನ್ನು ದಾಟಿ ಮತ್ತೆ ಪಿಶಾಚಿಗಳನ್ನು ಕರೆತಂದವರು ಜೇಮ್ಸ್ ವಾರನ್. ಕೋಡ್ ಅನ್ವಯಿಸುತ್ತಿದ್ದುದು ಕಾಮಿಕ್ ಪುಸ್ತಕಗಳಿಗೆ. ವಾರನ್ ತಂದದ್ದು ದೊಡ್ಡ ಗಾತ್ರದ, ಕಪ್ಪು ಬಿಳುಪಿನ ಮ್ಯಾಗಜೀನ್. 1964ರ ಕೊನೆಯಲ್ಲಿ ಹೀಗೆ ಶುರುವಾದದ್ದು ‘ಕ್ರೀಪಿ’, ಅದರ ಬೆನ್ನಿಗೆ ‘ಈರಿ’, 1969ರಲ್ಲಿ ‘ವ್ಯಾಂಪಿರೆಲಾ’. ಮೊದಲ ವರ್ಷಗಳಲ್ಲಿ ಹಲವು ಮುಖಪುಟಗಳಿಗೆ ಫ್ರಾಂಕ್ ಫ್ರಜೆಟಾ ಅವರ ಎಣ್ಣೆವರ್ಣ. ಒಳಗೆ ಇಸಿಯ ಹಳೆಯ ಕಲಾವಿದರೇ ಹಲವರು. ಆ ಮೊದಲ ವರ್ಷಗಳ ಕಥೆಗಳಲ್ಲಿ ಬಹುಪಾಲು ಸಂಪಾದಕ ಆರ್ಚಿ ಗುಡ್ವಿನ್ ಬರೆದವು. 2008ರಿಂದ ಡಾರ್ಕ್ ಹಾರ್ಸ್ ‘ಕ್ರೀಪಿ’, ‘ಈರಿ’ಗಳನ್ನು ಮ್ಯಾಗಜೀನಿನ ಗಾತ್ರದಲ್ಲೇ, ಗಟ್ಟಿ ರಟ್ಟು ಹಾಕಿ, ಸಂಪುಟಕ್ಕೆ ಐದು ಸಂಚಿಕೆಯಂತೆ ತಂದಿತು. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಬಣ್ಣದ ತಕರಾರಿಲ್ಲ, ಗಾತ್ರದ ತಕರಾರಿಲ್ಲ.

‘ಕ್ರೀಪಿ ಆರ್ಕೈವ್ಸ್’ ಎರಡನೇ ಸಂಪುಟ ನಿಮ್ಮಲ್ಲಿ ಹಲವರ ಹತ್ತಿರ ಇದೆ. ಅದರಲ್ಲಿ 10ನೇ ಸಂಚಿಕೆಯ ‘ಕಲೆಕ್ಟರ್ಸ್ ಎಡಿಷನ್’ ಎಂಬ ಕಥೆ ಹುಡುಕಿ. ಬರೆದವರು ಗುಡ್ವಿನ್, ಚಿತ್ರ ಸ್ಟೀವ್ ಡಿಟ್ಕೊ ಅವರದು. ಸ್ಪೈಡರ್‌ಮ್ಯಾನ್ ಮತ್ತು ಡಾಕ್ಟರ್ ಸ್ಟ್ರೇಂಜ್‌ಗೆ ರೂಪ ಕೊಟ್ಟು, ಆಗಷ್ಟೇ ಮಾರ್ವೆಲ್ ಬಿಟ್ಟು ಬಂದಿದ್ದವರು. ಮಾಟಮಂತ್ರದ ಅಪರೂಪದ ಗ್ರಂಥವೊಂದಕ್ಕಾಗಿ ಕೊಲೆಗೂ ಹೇಸದ ಒಬ್ಬ ಪುಸ್ತಕ ಸಂಗ್ರಾಹಕನ ಕಥೆ ಅದು. ವಾರನ್‌ಗೆ ಮಾಡಿದ ಬೇರೆ ಎಷ್ಟೋ ಕಥೆಗಳಲ್ಲಿ ಡಿಟ್ಕೊ ಶಾಯಿಯನ್ನು ನೀರಿನಲ್ಲಿ ತೆಳುವಾಗಿಸಿ ಬೂದು ಛಾಯೆ ಬಳಿದಿದ್ದಾರೆ. ಇದರಲ್ಲಿ ಪೂರ್ತಿ ಲೇಖನಿಯ ಗೆರೆ. ಗೆರೆಯ ಮೇಲೆ ಅಡ್ಡಗೆರೆ, ಅದರ ಮೇಲೆ ಮತ್ತೊಂದು ಗೆರೆ, ಹೀಗೆ ನೆಯ್ದು ನೆಯ್ದು ಕತ್ತಲನ್ನು ಮಾಡಿದ್ದಾರೆ. ಪುಟಗಳಲ್ಲಿ ಮತ್ತೆ ಮತ್ತೆ ಕಣ್ಣುಗಳು ಬರುತ್ತವೆ. ಸುಮ್ಮನೆ ಅಲಂಕಾರಕ್ಕೆ ಇರಬೇಕು ಎಂದು ಮುಂದೆ ಹೋಗುತ್ತೀರಿ, ಕೊನೆಗೆ ಮುಟ್ಟಿದ ಮೇಲೆ ಮತ್ತೆ ಮೊದಲ ಪುಟಕ್ಕೆ ತಿರುಗುತ್ತೀರಿ. ಫೋನಿನ ಪರದೆಯ ಮೇಲೆ ಆ ಗೆರೆಗಳೆಲ್ಲ ಕಲಸಿ ಬರಿ ಬೂದುಬಣ್ಣವಾಗಿ ಕಾಣುತ್ತವೆ.

ಅದೇ ಸಂಪುಟದಲ್ಲಿ, 9ನೇ ಸಂಚಿಕೆಯ ಅಭಿಮಾನಿಗಳ ಪುಟವನ್ನೂ ಬಿಡಬೇಡಿ. ಓದುಗರು ಕಳಿಸಿದ ಚಿತ್ರಗಳನ್ನು ಹಾಕುತ್ತಿದ್ದ ಪುಟ ಅದು. ಅಲ್ಲಿ ಬರ್ನಿ ರೈಟ್ಸನ್ ಎಂಬ ಹದಿಹರೆಯದ ಹುಡುಗನ ಒಂದು ಚಿತ್ರ ಇದೆ. 1966ರ ಮಾತು. ಐದು ವರ್ಷದ ನಂತರ, 1971ರಲ್ಲಿ, ಅದೇ ರೈಟ್ಸನ್, ಲೇಖಕ ಲೆನ್ ವೀನ್ ಜೊತೆ ಸೇರಿ ‘ಹೌಸ್ ಆಫ್ ಸೀಕ್ರೆಟ್ಸ್’ 92ನೇ ಸಂಚಿಕೆಯಲ್ಲಿ ‘ಸ್ವಾಂಪ್ ಥಿಂಗ್’ ಎಂಬ ಜೌಗುನೆಲದ ಜೀವಿಯನ್ನು ಲೋಕಕ್ಕೆ ತೋರಿಸಿದರು. 1974ರಲ್ಲಿ ‘ಕ್ರೀಪಿ’ಗೇ ವಾಪಸ್ ಬಂದು, ಬ್ರೂಸ್ ಜೋನ್ಸ್ ಬರೆದ ‘ಜೆನಿಫರ್’ ಎಂಬ, ಓದಿದವರು ಮರೆಯಲಾಗದ ಕಥೆಗೆ ಚಿತ್ರ ಬರೆದರು. ಒಬ್ಬ ಓದುಗ ಕಲಾವಿದನಾಗಿ ಬೆಳೆದ ದಾರಿ ನಿಮ್ಮ ಕಪಾಟಿನಲ್ಲೇ ಇದೆ, ಪ್ಲಾಸ್ಟಿಕ್ ಹರಿದರೆ ಕಾಣುತ್ತದೆ. ಓದುಗರ ಪತ್ರಗಳ ಪುಟಗಳನ್ನು ‘ತುಂಬಿಸಲಿಕ್ಕೆ ಹಾಕಿದ್ದು’ ಎಂದು ಹಾರಿಸಿ ಹೋಗುವವರಿಗೆ ಇದನ್ನೇ ತೋರಿಸುತ್ತೇನೆ.

ಇನ್ನು ಡ್ರಾಕುಲಾ. 1971ರಲ್ಲಿ ಕೋಡ್ ಸ್ವಲ್ಪ ಸಡಿಲವಾಯಿತು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ಗಳಂಥ ಸಾಹಿತ್ಯಪರಂಪರೆಯ ದಾರಿಯಲ್ಲಿ ಬರುವ ಪಿಶಾಚಿಗಳಿಗೆ ಪ್ರವೇಶ ಸಿಕ್ಕಿತು. ಮರುವರ್ಷವೇ ಮಾರ್ವೆಲ್ ‘ಟೂಮ್ ಆಫ್ ಡ್ರಾಕುಲಾ’ ತಂದಿತು. 1979ರವರೆಗೆ 70 ಸಂಚಿಕೆ ನಡೆಯಿತು. ಎಪ್ಪತ್ತಕ್ಕೆ ಎಪ್ಪತ್ತೂ ಜೀನ್ ಕೋಲನ್ ಅವರ ಚಿತ್ರ. ಆ ಕೆಲಸ ಬೇರೊಬ್ಬರ ಪಾಲಾಗುವುದಿತ್ತು. ಕೋಲನ್ ತಾವಾಗಿಯೇ, ನಟ ಜ್ಯಾಕ್ ಪ್ಯಾಲೆನ್ಸ್ ಮುಖ ಇಟ್ಟುಕೊಂಡು ಡ್ರಾಕುಲಾನ ಮಾದರಿ ಪುಟ ಬರೆದು ಕೊಟ್ಟು ಕೆಲಸ ಗಿಟ್ಟಿಸಿಕೊಂಡರು. ಆಮೇಲೆ ಪ್ಯಾಲೆನ್ಸ್ ನಿಜವಾಗಿಯೂ ಟಿವಿ ಚಿತ್ರವೊಂದರಲ್ಲಿ ಡ್ರಾಕುಲಾ ಆದರು. ಮೊದಲ ಆರು ಸಂಚಿಕೆಗಳಲ್ಲಿ ಲೇಖಕರು ಬದಲಾಗುತ್ತ ಹೋಗಿ, 7ನೆಯದರಿಂದ ಕೊನೆಯವರೆಗೆ ಮಾರ್ವ್ ವುಲ್ಫ್‌ಮನ್ ನಿಂತರು. ಅವರ ಹೆಸರಿಗೇ ಹಿಂದೊಮ್ಮೆ ಕೋಡ್ ಅಡ್ಡಬಂದಿತ್ತಂತೆ. ಡಿಸಿಯ ಪತ್ರಿಕೆಯೊಂದರಲ್ಲಿ ವುಲ್ಫ್‌ಮನ್ ಒಬ್ಬ ಹೇಳಿದ ಕಥೆ ಎಂದು ಬಂದಾಗ, ತೋಳಮನುಷ್ಯರಿಗೆ ಅವಕಾಶವಿಲ್ಲ ಎಂದು ಆಕ್ಷೇಪ ಬಂತು. ಅದು ಲೇಖಕರ ನಿಜವಾದ ಹೆಸರು ಎಂದು ತಿಳಿಹೇಳಿದ ಮೇಲೆ, ಹಾಗಿದ್ದರೆ ಲೇಖಕರೆಂದೇ ಹೆಸರು ಹಾಕಿ ಎಂದರಂತೆ. ಅಲ್ಲಿಯವರೆಗೆ ಹೆಸರೇ ಹಾಕದಿದ್ದ ಪತ್ರಿಕೆಯಲ್ಲಿ ಒಬ್ಬರಿಗೆ ಹಾಕಿದ ಮೇಲೆ ಉಳಿದವರಿಗೂ ಹಾಕಬೇಕಾಯಿತು.

ಈ 70 ಸಂಚಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದರ ಲಾಭ ದೊಡ್ಡದು. ವುಲ್ಫ್‌ಮನ್ ಒಂದು ಸಂಚಿಕೆಯಲ್ಲಿ ಬಿತ್ತಿದ್ದನ್ನು ಎರಡು ಮೂರು ವರ್ಷದ ನಂತರ ಕೊಯ್ಯುತ್ತಾರೆ. ಡ್ರಾಕುಲಾನ ಬೆನ್ನು ಹತ್ತಿದ ಬೇಟೆಗಾರರ ತಂಡದ ಹಿರಿಯ ಕ್ವಿನ್ಸಿ ಹಾರ್ಕರ್, 1897ರ ಬ್ರಾಮ್ ಸ್ಟೋಕರ್ ಕಾದಂಬರಿಯ ಜೊನಾಥನ್ ಮತ್ತು ಮೀನಾ ದಂಪತಿಯ ಮಗ. ಈಗ ಮುದುಕ, ಗಾಲಿಕುರ್ಚಿಯ ಮೇಲೆ. ಆ ಗಾಲಿಕುರ್ಚಿಯ ಮೇಲೆ ಒಂದು ಕಣ್ಣಿಟ್ಟಿರಿ ಎಂದಷ್ಟೇ ಹೇಳುತ್ತೇನೆ, 70ನೇ ಸಂಚಿಕೆಗೆ ಬಂದಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ. 10ನೇ ಸಂಚಿಕೆಯಲ್ಲಿ ರಕ್ತಪಿಶಾಚಿಗಳ ಬೇಟೆಗಾರ ಬ್ಲೇಡ್ ಮೊದಲ ಸಲ ಬರುತ್ತಾನೆ, ಸಿನಿಮಾ ನೋಡಿ ಅವನನ್ನು ಬಲ್ಲವರಿಗೆ ಈ ಹಸಿರು ಕನ್ನಡಕದ ಬ್ಲೇಡ್ ಬೇರೆಯೇ ಮನುಷ್ಯ ಎನಿಸುತ್ತಾನೆ. ಡ್ರಾಕುಲಾ ಮದುವೆಯಾಗುತ್ತಾನೆ, ಮಗುವಿನ ತಂದೆಯಾಗುತ್ತಾನೆ. ದುಷ್ಟನನ್ನು ಒಳ್ಳೆಯವನನ್ನಾಗಿ ಮಾಡದೆಯೇ ಅವನ ಜೊತೆ ನಮ್ಮನ್ನು ಏಳು ವರ್ಷ ನಡೆಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ.

ತಂಡದಲ್ಲಿ ನಮ್ಮ ದೇಶದವನೊಬ್ಬನಿದ್ದಾನೆ, ತಾಜ್ ನಿತಲ್. ಮೂರನೇ ಸಂಚಿಕೆಯಲ್ಲಿ ಬರುತ್ತಾನೆ. ಮಾತು ಬಾರದವನು. ಅವನ ಬಗ್ಗೆ ನನಗೆ ಒಂದು ದೂರಿದೆ. ಸಂಚಿಕೆಗಟ್ಟಲೆ ಅವನ ಪಾಲಿಗೆ ಪೇಟ, ತೋಳ್ಬಲ, ಮೌನ ಇಷ್ಟೇ. ಆ ಕಾಲದ ಅಮೆರಿಕನ್ ಕಾಮಿಕ್ಸಿನಲ್ಲಿ ಭಾರತದವರಿಗೆ ಸಿಗುತ್ತಿದ್ದ ಪಾತ್ರ ಅದೇ. ಮುಂದೆ ಅವನ ಹೆಂಡತಿ, ಮಗನ ಕಥೆ ಬರುತ್ತದೆ, ಅವನಿಗೊಂದು ದುಃಖ ಸಿಗುತ್ತದೆ. ಆ ಪುಟಗಳಲ್ಲಿ ಮಾತಿಲ್ಲದ ಮನುಷ್ಯನ ಸಂಕಟವನ್ನು ಕೋಲನ್ ಕಣ್ಣು ಮತ್ತು ಕೈಗಳಲ್ಲೇ ಹೇಳಿದ್ದಾರೆ. ಆದರೂ ಅವನಿಗೆ ಇನ್ನಷ್ಟು ಸಿಗಬೇಕಿತ್ತು.

ಕೋಲನ್ ಪೆನ್ಸಿಲ್ ಕೆಲಸದಲ್ಲಿ ಗೆರೆಗಿಂತ ನೆರಳು ಹೆಚ್ಚು. ಫೋಟೋದಲ್ಲಿ ಕಾಣುವಂತೆ ಬೂದು ಬೂದಾಗಿ ಮೂಡಿಸಿದ ಮಂಜು, ಹೊಗೆ, ಮೇಲಂಗಿಯ ಅಲೆ. ಅದನ್ನು ಕರಿಯ ಶಾಯಿಗೆ ಇಳಿಸುವುದು ಎಂಥ ಇಂಕರ್‌ಗೂ ಕಷ್ಟ. ಟಾಮ್ ಪಾಮರ್ ಅದನ್ನು ಇಳಿಸಿದರು. ಹಲವು ಸಂಚಿಕೆಗಳಿಗೆ ಬಣ್ಣವನ್ನೂ ತಾವೇ ಹಾಕಿದರು. ಇಲ್ಲಿಗೆ ಬಣ್ಣದ ಮಾತು ಬಂತು. ನಮ್ಮೊಳಗೆ ಜಗಳವಿರುವುದು ಇಲ್ಲೇ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಆ ಕಾಲದ ಕಾಮಿಕ್ಸ್ ಅಚ್ಚಾಗುತ್ತಿದ್ದುದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ನೀಲಿ, ಕೆಂಪು, ಹಳದಿ ಈ ಮೂರು ಶಾಯಿಗಳಲ್ಲಿ ಒಂದೊಂದನ್ನೂ ಕಾಲು, ಅರ್ಧ, ಪೂರ್ತಿ ಎಂಬ ಮೂರು ಪ್ರಮಾಣದಲ್ಲಿ ಹಾಕಬಹುದಿತ್ತು, ಇಲ್ಲವೇ ಬಿಡಬಹುದಿತ್ತು. ಲೆಕ್ಕ ಹಾಕಿದರೆ ಒಟ್ಟು 64 ಬಣ್ಣ. ಕಾಲು ಮತ್ತು ಅರ್ಧ ಎಂದರೆ ಸಣ್ಣ ಸಣ್ಣ ಚುಕ್ಕೆಗಳು. ಮಾಸಲು ಕಾಗದ ಶಾಯಿಯನ್ನು ಹೀರಿಕೊಂಡು ಬಣ್ಣಗಳನ್ನು ಮೆತ್ತಗೆ ಮಾಡುತ್ತಿತ್ತು. ಬಣ್ಣ ಹಾಕುವವರಿಗೆ ಅದು ಗೊತ್ತಿತ್ತು, ಕಾಗದ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿಯೇ ಬಣ್ಣ ಆರಿಸುತ್ತಿದ್ದರು. ಇವತ್ತು ಅದೇ ಬಣ್ಣಗಳನ್ನು ಬೆಳ್ಳಗೆ ಮಿರಿಮಿರಿ ಮಿಂಚುವ ಆರ್ಟ್ ಪೇಪರ್ ಮೇಲೆ ಅಚ್ಚು ಮಾಡಿದರೆ ಏನಾಗುತ್ತದೆ? ಕೋಲನ್ ಮಂಜಿನೊಳಗೆ ಯಾರೋ ಟ್ಯೂಬ್‌ಲೈಟ್ ಹಾಕಿದಂತಾಗುತ್ತದೆ. ಕೆಂಪು ಕಣ್ಣಿಗೆ ಹೊಡೆಯುತ್ತದೆ, ನೆರಳಿನ ಆಳ ಹೋಗುತ್ತದೆ. ದೀಪ ಸ್ವಲ್ಪ ಓರೆಯಾಗಿಟ್ಟುಕೊಂಡು, ಹಳದಿ ಬೆಳಕಿನಲ್ಲಿ ಓದಿದರೆ ಎಷ್ಟೋ ವಾಸಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಹೊಸದಾಗಿ ಬಣ್ಣ ಹಾಕುವುದರದ್ದು. ಇಸಿಯ ಹೆಚ್ಚುಕಡಿಮೆ ಎಲ್ಲ ಪುಟಗಳಿಗೂ ಬಣ್ಣ ಕೊಟ್ಟವರು ಮರೀ ಸೆವೆರಿನ್. ಆ ಗಂಡಸರ ಕೋಟೆಯಲ್ಲಿ ಕೂತು ಕೆಲಸ ಮಾಡಿದ ಹೆಣ್ಣುಮಗಳು. ಬೀಭತ್ಸ ತೀರಾ ಮಿತಿಮೀರಿದ ಚೌಕಕ್ಕೆ ಇಡಿಯಾಗಿ ಒಂದೇ ಗಾಢ ನೀಲಿ ಬಳಿದು ಬಿಡುತ್ತಿದ್ದರು. ನೋಡುವವರಿಗೆ ಆಗ ಎಲ್ಲವೂ ಕಾಣುತ್ತದೆ, ಆದರೆ ಕತ್ತಲಲ್ಲಿ ಕಂಡಂತೆ ಕಾಣುತ್ತದೆ. ಈಚಿನ ಇಸಿ ಆರ್ಕೈವ್ಸ್ ಅವರ ಬಣ್ಣಗಳನ್ನೇ ಆಧಾರವಾಗಿಟ್ಟುಕೊಂಡು ಕಂಪ್ಯೂಟರಿನಲ್ಲಿ ಹೊಸದಾಗಿ ಬಣ್ಣ ತುಂಬಿವೆ, ಕೆನ್ನೆಗೆ ಹೊಳಪು, ಗೋಡೆಗೆ ಛಾಯೆ ಎಲ್ಲ ಸೇರಿಸಿ. ಅಲನ್ ಮೂರ್ ಬರೆದ ‘ಸ್ವಾಂಪ್ ಥಿಂಗ್’ನ ಅಬ್ಸಲ್ಯೂಟ್ ಆವೃತ್ತಿಗೂ ಹೀಗೇ, ತಾತ್ಯಾನಾ ವುಡ್ ಅವರ ಬಣ್ಣದ ಬದಲು ಸ್ಟೀವ್ ಓಲಿಫ್ ಅವರ ಹೊಸ ಬಣ್ಣ. ಓಲಿಫ್ ಕಸಬಿನಲ್ಲಿ ಗಟ್ಟಿಗರು, ಅವರ ಕೆಲಸದಲ್ಲಿ ಶ್ರದ್ಧೆಯಿದೆ, ಚಿತ್ರ ಬರೆದ ಬಿಸೆಟ್ ಮತ್ತು ಟೋಟಲ್‌ಬೆನ್ ಅವರ ಗೆರೆಗಳು ದೊಡ್ಡ ಪುಟದಲ್ಲಿ ಮೈದುಂಬಿ ಕಾಣುತ್ತವೆ. ಆದರೂ ನಾನು ಹಳೆಯ ಬಣ್ಣದ ಪಕ್ಷ. ಕೆಲವೇ ಬಣ್ಣಗಳ ಇಕ್ಕಟ್ಟಿನಲ್ಲಿ ಸೆವೆರಿನ್ ಮತ್ತು ವುಡ್ ತೆಗೆದುಕೊಂಡ ತೀರ್ಮಾನಗಳು ಕಥೆಯ ಭಾಗ. ಅವನ್ನು ತೆಗೆದರೆ ಕಲಾವಿದರ ಪೈಕಿ ಒಬ್ಬರನ್ನು ಹೊರಗೆ ಕಳಿಸಿದಂತೆ. ಕೊಳ್ಳುವ ಮೊದಲು ಯಾವ ಆವೃತ್ತಿಯಲ್ಲಿ ಯಾರ ಬಣ್ಣ ಇದೆ ಎಂದು ನೋಡಿ ಕೊಳ್ಳಿ. ಪ್ಲಾಸ್ಟಿಕ್ ಬಿಚ್ಚದೆ ಇಟ್ಟವರಿಗೆ ಈ ಜಗಳದಲ್ಲಿ ಮಾತಾಡುವ ಸುಖವೂ ಇಲ್ಲ.

ಎಲ್ಲ ಕಥೆಗಳೂ ರತ್ನಗಳು ಎಂದು ನಾನು ಹೇಳುವುದಿಲ್ಲ. ‘ಹೌಸ್ ಆಫ್ ಮಿಸ್ಟರಿ’ಯ ದಪ್ಪ ಸಂಪುಟಗಳಲ್ಲಿ ಮೂರಕ್ಕೆ ಒಂದು ಕಥೆ ಸಪ್ಪೆ, ಕೊನೆಯ ತಿರುವು ಎರಡನೇ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಇಸಿಯಲ್ಲೂ ಗಂಡನನ್ನು ಕೊಲ್ಲುವ ಹೆಂಡತಿ, ಹೆಂಡತಿಯನ್ನು ಕೊಲ್ಲುವ ಗಂಡ, ಎದ್ದು ಬರುವ ಹೆಣ ಇವೇ ಅದಲುಬದಲಾಗಿ ಬರುತ್ತಿರುತ್ತವೆ. ಆದರೆ ಬೇಸರ ಬರುವುದಕ್ಕೆ ಅರ್ಧ ಕಾರಣ ನಾವು ಓದುವ ರೀತಿ. ಇಸಿಯ ಪತ್ರಿಕೆಗಳು ಎರಡು ತಿಂಗಳಿಗೊಮ್ಮೆ ನಾಲ್ಕು ಕಥೆಯಂತೆ ಬರುತ್ತಿದ್ದವು, ಕಥೆಗೆ ಆರರಿಂದ ಎಂಟು ಪುಟ. ಚಂದಮಾಮದಲ್ಲಿ ಬೇತಾಳ ತಿಂಗಳಿಗೆ ಒಂದೇ ಕಥೆ ಹೇಳುತ್ತಿತ್ತು, ನೆನಪಿದೆಯಲ್ಲ? ವಿಕ್ರಮನ ಹೆಗಲೇರಿದ ಹೆಣ ಕಥೆ ಹೇಳಿ, ಪ್ರಶ್ನೆ ಕೇಳಿ, ಮರಕ್ಕೆ ವಾಪಸ್ ಹಾರಿ, ಮುಂದಿನ ತಿಂಗಳವರೆಗೆ ನಮ್ಮನ್ನು ಕಾಯಿಸುತ್ತಿತ್ತು. ಕ್ರಿಪ್ಟ್-ಕೀಪರ್, ವಾಲ್ಟ್-ಕೀಪರ್, ಮುದಿ ಮಾಟಗಾತಿ ಈ ಮೂವರು ಕಥೆಗಾರರನ್ನೂ ಹಾಗೇ ಕೂರಿಸಿಕೊಳ್ಳಿ. ರಾತ್ರಿಗೆ ಒಂದು ಕಥೆ, ಬಹಳವಾದರೆ ಎರಡು. ಸಾವಿರ ಪುಟದ ಪುಸ್ತಕವೆಂದು ಒಂದು ವಾರಾಂತ್ಯದಲ್ಲಿ ಮುಗಿಸಲು ಹೊರಟರೆ ಯಾವ ದೆವ್ವಕ್ಕೂ ಹೆದರಿಸುವ ಶಕ್ತಿ ಉಳಿಯುವುದಿಲ್ಲ.

ಬಿಚ್ಚುವುದಕ್ಕೆ ಮನಸ್ಸು ಮಾಡಿದವರಿಗೆ ಒಂದೆರಡು ಕೆಲಸದ ಮಾತು. ಹೊಸ ದಪ್ಪ ಪುಸ್ತಕವನ್ನು ನಡುವೆ ಹಿಡಿದು ಒಮ್ಮೆಗೇ ಅಗಲಿಸಬೇಡಿ, ಬೆನ್ನು ಮುರಿಯುತ್ತದೆ. ಮೇಜಿನ ಮೇಲೆ ಬೆನ್ನು ಊರಿ ನಿಲ್ಲಿಸಿ, ಎರಡೂ ರಟ್ಟುಗಳನ್ನು ಇಳಿಸಿ. ಆಮೇಲೆ ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ, ಹೀಗೆ ಸರದಿಯಲ್ಲಿ ಮೆಲ್ಲಗೆ ಒತ್ತುತ್ತ ನಡುವಿಗೆ ಬನ್ನಿ. ಹೊಲಿಗೆ ಹಾಕಿದ ಪುಸ್ತಕವಾದರೆ ಆಮೇಲೆ ತಾನಾಗಿ ಮಲಗುತ್ತದೆ. ಬರಿ ಅಂಟಿನದಾದರೆ ನಡುವಿನ ಜೋಡಿಪುಟದ ಚಿತ್ರದಲ್ಲಿ ಒಂದಿಷ್ಟು ಬೆನ್ನಿನೊಳಗೆ ನುಂಗಿಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಓದುವಾಗ ಮಡಿಸಿದ ಹೊದಿಕೆಯೋ ದಿಂಬೋ ಅಡಿಗಿರಲಿ. ಮೂರು ಕೆಜಿ ಭಾರವನ್ನು ಎದೆಯ ಮೇಲಿಟ್ಟು ಮಲಗಿ ಓದಬೇಡಿ. ಕಪಾಟಿನಲ್ಲಿ ತೀರಾ ದಪ್ಪದವನ್ನು ನಿಲ್ಲಿಸುವ ಬದಲು ಮಲಗಿಸಿ, ನಿಲ್ಲಿಸಿದರೆ ಪುಟಗಳ ಭಾರ ಹೊಲಿಗೆಯನ್ನು ಕೆಳಕ್ಕೆ ಜಗ್ಗುತ್ತದೆ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಬೂಷ್ಟಿನ ಭಯ ಇದ್ದದ್ದೇ. ಪ್ಲಾಸ್ಟಿಕ್ ಕಾಪಾಡುತ್ತದೆ ಎಂದುಕೊಳ್ಳಬೇಡಿ. ಬಿಗಿದ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ, ರಟ್ಟನ್ನು ಬಾಗಿಸುವುದೂ ಉಂಟು. ಗೋಡೆಗೆ ತಾಗಿಸದೆ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ತೆಗೆದು ಪುಟ ತಿರುಗಿಸುವುದೇ ಒಳ್ಳೆಯ ಆರೈಕೆ. ಓದುವವರ ಮನೆಯಲ್ಲಿ ಹುಳು ಬೇಗ ಸಿಕ್ಕಿಬೀಳುತ್ತದೆ.

ಚಿಕ್ಕ ಮಕ್ಕಳ ಕೈಗೆ ಕೊಡುವ ಮುನ್ನ ನೀವು ಓದಿರಿ ಎಂಬುದನ್ನೂ ಸೇರಿಸುತ್ತೇನೆ. ವರ್ದಂ ಹೇಳಿದ ಹಾಗೆ ಮಕ್ಕಳು ಕೆಡುತ್ತಾರೆಂದಲ್ಲ, ‘ಜೆನಿಫರ್’ನಂಥ ಕಥೆ ಹತ್ತು ವರ್ಷದ ಮಗುವಿಗೆ ಬರೆದದ್ದಲ್ಲ ಎಂಬ ಕಾರಣಕ್ಕೆ. ಹದಿನೈದು ದಾಟಿದ ಮಕ್ಕಳಿದ್ದರೆ ಮಾತ್ರ ಒಟ್ಟಿಗೆ ಕೂತು ಓದಿ, ಅವರು ನಮಗಿಂತ ಚೆನ್ನಾಗಿ ಚಿತ್ರ ನೋಡುತ್ತಾರೆ.

ಮುಂದಿನ ಸಲ ಸೇರುವಾಗ ಪ್ರತಿಯೊಬ್ಬರೂ ಒಂದೊಂದು ಬಿಚ್ಚಿದ ಪುಸ್ತಕ ಹಿಡಿದು ಬನ್ನಿ, ಅದರಲ್ಲೊಂದು ಕಥೆ ಓದಿಕೊಂಡು ಬನ್ನಿ. ನಾನು ಡ್ರಾಕುಲಾ ಮೊದಲ ಸಂಪುಟ ತರುತ್ತೇನೆ, ಬೇಕಾದವರು ಮನೆಗೆ ಒಯ್ಯಬಹುದು. ‘ಸ್ವಾಂಪ್ ಥಿಂಗ್’ನ ಹಳೆಯ ಬಣ್ಣದ ಪ್ರತಿ ಮತ್ತು ಅಬ್ಸಲ್ಯೂಟ್ ಎರಡೂ ಇಟ್ಟುಕೊಂಡವರು ಯಾರಾದರೂ ಇದ್ದರೆ ಎರಡನ್ನೂ ತನ್ನಿ. ಅದರಲ್ಲಿನ ‘ಅನಾಟಮಿ ಲೆಸನ್’ ಕಥೆಯ ಪುಟಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲರೂ ನೋಡಿ, ಬಣ್ಣದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಅಲ್ಲೇ ಮುಖಕ್ಕೆ ಹೇಳಿ. ವಾದಕ್ಕೆ ತಯಾರಾಗಿಯೇ ಬರುತ್ತೇನೆ.

ಇತಿ,
ನಿಮ್ಮಂತೆಯೇ ಒಬ್ಬ ಓದುಗ